ಟೊಮೆಟೊ ರಾಶಿಯಿಂದ ಕೋಳಿ ಮೇವು: ಬಿಎಸ್‌ಎಫ್ ಹುಳು ಘಟಕದ ಸದ್ಯದ ಸ್ಥಿತಿ

ಬೆಲೆ ಬಿದ್ದರೆ ಕೋಲಾರದ ಕಡೆ ಟೊಮೆಟೊಗೆ ಬರವಿಲ್ಲ. ಬ್ಲ್ಯಾಕ್ ಸೋಲ್ಜರ್ ಫ್ಲೈ, ಅಂದರೆ ಬಿಎಸ್‌ಎಫ್ ನೊಣದ ಮರಿಹುಳು ಅದನ್ನು ತಿನ್ನುತ್ತದೆ. ತೊಡಕು ಇರುವುದು ನೀರಿನಲ್ಲಿ. ಟೊಮೆಟೊದಲ್ಲಿ ಶೇ. 94ರಷ್ಟು ನೀರು, ಹುಳುವಿನ ಮೇವಿನಲ್ಲಿ ಇರಬೇಕಾದದ್ದು ಶೇ. 70ರಿಂದ 75. ಈ ಹಂತದ ಕೆಲಸವೆಲ್ಲ ಆ ತೇವವನ್ನು ಇಳಿಸುವುದರ ಸುತ್ತಲೇ.

ಮೇವಿನ ಮಿಶ್ರಣ

ಬರೀ ಗೋಧಿ ಬೂಸಾ ಬೆರೆಸಿ ತೇವ ಇಳಿಸುವುದಾದರೆ 10 ಕೆಜಿ ಟೊಮೆಟೊಗೆ 3 ಕೆಜಿ ಬೂಸಾ ಬೇಕು. ಅಷ್ಟು ಬೂಸಾ ಕೊಳ್ಳುವುದಾದರೆ ಹುಳು ಸಾಕುವುದೇ ದಂಡ. ಟೊಮೆಟೊ ಹಿಂಡಿ ರಸ ಚೆಲ್ಲಿದರೆ ಸಕ್ಕರೆ ಅಂಶವೂ ರಸದ ಜೊತೆ ಹೋಗುತ್ತದೆ. ಹಾಗಾಗಿ ಹೋಟೆಲಿನಲ್ಲಿ ಮಿಕ್ಕ ಅನ್ನವನ್ನು ಮುಖ್ಯ ಮೇವಾಗಿ ಮಾಡಿಕೊಂಡಿದ್ದೇವೆ. ಒಂದು ಕ್ರೇಟ್‌ಗೆ 5 ಕೆಜಿ ಜಜ್ಜಿದ ಟೊಮೆಟೊ, 9 ಕೆಜಿ ಅನ್ನ, 1 ಕೆಜಿ ಬೂಸಾ, ತೇವ ಶೇ. 74ರ ಆಸುಪಾಸು. ಸಾರು, ಉಪ್ಪಿನಕಾಯಿ ಬೆರೆತ ಅನ್ನ ಬೇಡ, ಉಪ್ಪು ಹೆಚ್ಚಾದರೆ ಹುಳು ಬೆಳೆಯುವುದಿಲ್ಲ. ಮಿಶ್ರಣವನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಂಡಿದರೆ ಬೆರಳ ಸಂದಿಯಲ್ಲಿ ಒಂದೆರಡು ಹನಿ ಕಾಣಬೇಕು, ಧಾರೆ ಇಳಿಯಬಾರದು.

ಕ್ರೇಟ್

60×40 ಸೆಂ.ಮೀ. ಕ್ರೇಟ್, 17 ಸೆಂ.ಮೀ. ಆಳ. ಅದಕ್ಕೆ ಐದು ದಿನದ 10,000 ಮರಿ. ಒಂದೊಂದಾಗಿ ಎಣಿಸುವುದು ಆಗದ ಮಾತು. 2 ಗ್ರಾಂ ತೂಗಿ, ಅದರಲ್ಲಿರುವ ಮರಿಗಳನ್ನಷ್ಟೇ ಎಣಿಸಿ, ಉಳಿದದ್ದನ್ನು ತೂಕದ ಲೆಕ್ಕದಲ್ಲಿ ಅಳೆಯಬೇಕು. ಮೇವನ್ನು ಮೊದಲ, ಐದನೇ ಮತ್ತು ಎಂಟನೇ ದಿನ 5 ಕೆಜಿಯಂತೆ ಕೊಡುವುದು. ಹದಿನೈದು ಕೆಜಿಯನ್ನು ಒಮ್ಮೆಗೇ ಸುರಿದರೆ ತಳಕ್ಕೆ ಗಾಳಿ ಆಡದೆ ಹುಳಿತು ನಾರುತ್ತದೆ, ಮರಿಗಳು ಗೋಡೆ ಹತ್ತಿ ಹೊರಬೀಳುತ್ತವೆ. ಹುಳುಗಳು ಒತ್ತಾಗಿ ಸೇರಿದಲ್ಲಿ ಮೇವು ತಾನೇ ಬಿಸಿಯೇರುತ್ತದೆ. 40 ಡಿಗ್ರಿ ದಾಟುವ ಮೊದಲೇ ಕೈಯಾಡಿಸಿ ತೆಳ್ಳಗೆ ಹರಡಬೇಕು.

ಇರುವೆ ಬಂದರೆ ಒಂದು ರಾತ್ರಿಗೆ ಕ್ರೇಟ್ ಖಾಲಿ. ಸ್ಟ್ಯಾಂಡಿನ ಕಾಲುಗಳೆಲ್ಲ ನೀರಿನ ಬಟ್ಟಲಲ್ಲಿ ನಿಂತಿವೆ. ಬಟ್ಟಲಿಗೆ ಎಲೆಯೋ ಕಡ್ಡಿಯೋ ಬಿದ್ದರೆ ಇರುವೆಗೆ ಅದೇ ಸೇತುವೆ, ದಿನವೂ ನೋಡಬೇಕು.

ಮೊಟ್ಟೆ

ಘಟಕದ ಜೀವ ಇರುವುದು ನೊಣದ ಪರದೆಯೊಳಗೆ. ಬೆಳೆದ ನೊಣ ಮೇವು ತಿನ್ನದೆ ವಾರದಷ್ಟು ಬದುಕುತ್ತದೆ. ಬೇಕಾದದ್ದು ನೀರು ಮತ್ತು ಬಿಸಿಲು. ನೆರಳಲ್ಲಿ ಅವು ಕೂಡುವುದು ತೀರಾ ಕಡಿಮೆ, ಮೋಡದ ದಿನಗಳಲ್ಲಿ ಮೊಟ್ಟೆ ಇಳಿಯುವುದು ಇದರಿಂದಲೇ. ಅದಕ್ಕೆ ಸೊಳ್ಳೆಪರದೆಯ ಗೂಡನ್ನು ಬೆಳಗಿನ ಬಿಸಿಲು ನೇರ ಬೀಳುವ ಪೂರ್ವದ ಕಡೆಗೆ ಸರಿಸಿದ್ದೇವೆ. ಒಳಗೆ ಕೊಳೆತ ಹಣ್ಣಿನ ಬಕೆಟ್, ಬಾಯಿಗೆ ಜಾಲರಿ. ಅದರ ಮೇಲೆ ಮರದ ಪಟ್ಟಿಗಳು, ನಡುವೆ ಸುಮಾರು 2 ಮಿ.ಮೀ. ಸಂದಿ ಉಳಿಯಲು ಡ್ರಾಯಿಂಗ್ ಪಿನ್. ವಾಸನೆಗೆ ಬಂದ ಹೆಣ್ಣು ಒಣ ಸಂದಿ ಹುಡುಕಿ ಮೊಟ್ಟೆಯಿಡುತ್ತದೆ. ಪಟ್ಟಿ ಒದ್ದೆಯಾಗಿದ್ದರೆ ಬೇರೆಲ್ಲೋ ಇಡುತ್ತದೆ.

ಅಕ್ಕಪಕ್ಕದ ರೇಷ್ಮೆ ಸಾಕಣೆದಾರರಿಗೆ ಒಂದು ಮಾತು: ಇದು ಊಜಿ ನೊಣವಲ್ಲ. ಊಜಿ ಇಡುವುದು ರೇಷ್ಮೆಹುಳುವಿನ ಮೈಮೇಲೆ. ಬಿಎಸ್‌ಎಫ್‌ಗೆ ಜೀವಂತ ಹುಳುವಿನ ಗೊಡವೆಯೇ ಇಲ್ಲ.

ಕೊಯ್ಲು

ಹನ್ನೆರಡನೇ ದಿನದ ಸುಮಾರಿಗೆ ಮೊದಲ ಕೆಲವು ಹುಳು ಕಪ್ಪಾದ ಕೂಡಲೇ ಜರಡಿ ಹಿಡಿಯುತ್ತೇವೆ. ಎಲ್ಲವೂ ಕಪ್ಪಾಗಲು ಬಿಟ್ಟರೆ ಸಿಪ್ಪೆ ಗಟ್ಟಿಯಾಗಿ ಕೋಳಿಗೆ ಜೀರ್ಣವಾಗುವುದು ಕಷ್ಟ. ಕೊಯ್ಲಿನ ಹೊತ್ತಿಗೆ ಒಂದು ಹುಳು 150ರಿಂದ 200 ಮಿಲಿಗ್ರಾಂ ತೂಗುತ್ತದೆ. ಉಳಿದ ಗೊಬ್ಬರ ಹಿಟ್ಟಿನಂತೆ ಉದುರಿದರೆ ಮಾತ್ರ ಜರಡಿ ನಡೆಯುತ್ತದೆ, ಹಸಿಯಾಗಿದ್ದರೆ ಮೆತ್ತಿಕೊಂಡು ಕಣ್ಣು ಮುಚ್ಚುತ್ತದೆ. ಜರಡಿಯಾದ ಹುಳುವನ್ನು ಕುದಿನೀರಿನಲ್ಲಿ 2–3 ನಿಮಿಷ ಅದ್ದಿ, ಮುರಿದರೆ ಚಟ್ ಎನ್ನುವವರೆಗೆ ಒಣಗಿಸುವುದು. ಹಸಿ ಹುಳುವನ್ನು ಚೀಲದಲ್ಲಿ ಕಟ್ಟಿಡಬಾರದು, ಬೆಂದು ಸಾಯುತ್ತವೆ.

ಮುಂದಿನ ಹಂತ

ಅನ್ನ ತಿಂದ ಹುಳುವಿನಲ್ಲಿ ಕೊಬ್ಬು ಹೆಚ್ಚು. ಒಣಗಿಸಿಟ್ಟರೆ ಬೇಗ ಕಮಟು ಹಿಡಿಯುತ್ತದೆ, ಕೋಳಿಗೆ ಬೇಕಾದ ಪ್ರೋಟೀನಿನ ಪಾಲೂ ಇಳಿಯುತ್ತದೆ. ಮುಂದಿನ ಸರದಿಯಲ್ಲಿ 2 ಕೆಜಿ ಅನ್ನದ ಬದಲು 650 ಗ್ರಾಂ ಕಡಲೆಕಾಯಿ ಹಿಂಡಿ, 1.35 ಲೀಟರ್ ನೀರು. ಒಟ್ಟು ತೂಕ, ತೇವ ಎರಡೂ ಮೊದಲಿನಷ್ಟೇ ಉಳಿಯುವುದರಿಂದ ಹುಳುವಿನಲ್ಲಿ ಕಾಣುವ ವ್ಯತ್ಯಾಸ ಹಿಂಡಿಯದೇ ಎಂದು ಹೇಳಬಹುದು. ಬೂಷ್ಟು ಹಿಡಿದ ಹಿಂಡಿಯನ್ನು ಮಾತ್ರ ಮುಟ್ಟುವುದಿಲ್ಲ.