ಸಾಲಿನ ಮೂರನೇ ಮರ

ಸಾಲಿನಲ್ಲಿ ಒಣಗಿದ್ದ ಸೈಪ್ರಸ್ ಮರ ಕೀಳೋಕೆ ಅಂತ ಹಾರೆ, ಗುದ್ದಲಿ, ಗರಗಸ, ಹಗ್ಗ ಎಲ್ಲಾ ಜೋಡಿಸಿಕೊಂಡು ಭಾನುವಾರ ಬೆಳಿಗ್ಗೆ ಆರೂವರೆಗೇ ಹೊರಗೆ ಬಂದೆವು. ಅರ್ಧ ದಿನದ ಕೆಲಸ ಅಂದುಕೊಂಡಿದ್ದೆ. ಎಷ್ಟು ಗಟ್ಟಿಯಿದೆ ನೋಡೋಣ ಅಂತ ತಮ್ಮ ಸುಮ್ನೆ ಎರಡೂ ಕೈಯಲ್ಲಿ ಕಾಂಡ ಹಿಡಿದು ಒಮ್ಮೆ ದೂಡಿದ. ಹತ್ತಡಿ ಎತ್ತರದ ಮರ ಬೀಳೋಕೆ ಬಂದ ಹಾಲುಹಲ್ಲಿನ ಹಾಗೆ ಅಲ್ಲಾಡಿತು.

"ಅಕ್ಕಾ, ಇದು ನೆಲದಲ್ಲಿ ನಿಂತೇ ಇಲ್ಲ ಕಣೇ. ಗೂಟಕ್ಕೆ ನೇತಾಡ್ತಿದೆ," ಅಂದ.

ನಾಲ್ಕು ವರ್ಷದ ಹಿಂದೆ ಕಾಂಪೌಂಡ್ ಗೋಡೆಯ ಉದ್ದಕ್ಕೂ ಐದು ಇಟಾಲಿಯನ್ ಸೈಪ್ರಸ್ ನೆಟ್ಟಿದ್ದೆ. ಗೋಡೆಗೂ ಓಡಾಡುವ ದಾರಿಗೂ ನಡುವೆ ಇದ್ದದ್ದು ಬರೀ ನಾಲ್ಕಡಿ ಜಾಗ. ಹರಡಿಕೊಳ್ಳುವ ಮರ ಅಲ್ಲಿ ಆಗೋದಿಲ್ಲ. ಆದರೆ ಎದುರಿನ ಮಹಡಿ ಕಿಟಕಿಯಿಂದ ನಮ್ಮ ಹಿತ್ತಲು ಪೂರ್ತಿ ಕಾಣುತ್ತಿತ್ತು, ಅದಕ್ಕೊಂದು ಮರೆ ಬೇಕಿತ್ತು. ವರ್ಷಪೂರ್ತಿ ಹಸಿರಾಗಿರಬೇಕು, ಎಲೆ ಉದುರಿಸಿ ಬೋಳಾಗಬಾರದು, ಅಗಲ ಮೂರಡಿ ದಾಟಬಾರದು. ಇಷ್ಟೆಲ್ಲಾ ಷರತ್ತು ಹಾಕಿದರೆ ಉಳಿಯೋದು ಕಂಬದ ಹಾಗೆ ಬೆಳೆಯುವ ಇಂಥ ಕೆಲವೇ ಮರಗಳು. ಸೈಪ್ರಸ್, ಥೂಜಾ, ಕೆಲವು ಜೂನಿಪರ್‌ಗಳು. ನನಗೆ ಸೈಪ್ರಸ್ಸೇ ಇಷ್ಟವಾಯಿತು. ಅದು ಸರಿಯಾಗಿ ಬೆಳೆದರೆ ನಲವತ್ತು ಅಡಿ ದಾಟುತ್ತೆ ಅನ್ನೋದನ್ನು ಆಗ ನಾನು ಅಷ್ಟಾಗಿ ಯೋಚಿಸಲಿಲ್ಲ. ಹತ್ತಿಪ್ಪತ್ತಡಿಗೇ ನಿಲ್ಲುವ ಥೂಜಾ ಸಾಕಿತ್ತೇನೋ. ಇರಲಿ.

ಮೂರನೇ ಮರಕ್ಕೆ ಕಾಯಿಲೆ ಬಂದದ್ದು ಎರಡು ತಿಂಗಳ ಹಿಂದೆ, ಅದು ಕಂದಾದಾಗ ಅಂತ ನಾನು ಎಲ್ಲರಿಗೂ ಹೇಳುತ್ತಿದ್ದೆ. ಅದು ನಿಜವಲ್ಲ. ಮೊನ್ನೆ ಫೋನಿನಲ್ಲಿ ಹಳೇ ಫೋಟೋ ನೋಡುತ್ತಿದ್ದಾಗ ಗೊತ್ತಾಯಿತು, ಅದಕ್ಕೂ ತಿಂಗಳು ಮೊದಲೇ ಆ ಮರದ ಬಣ್ಣ ಬೇರೆ ಇತ್ತು. ಕಂದಲ್ಲ. ಹಸಿರೇ, ಆದರೆ ಬೂದಿ ಉಜ್ಜಿದ ಹಸಿರು. ಅಕ್ಕಪಕ್ಕದ ಮರಗಳ ಹೊಳಪು ಅದಕ್ಕಿರಲಿಲ್ಲ. ಈ ಜಾತಿಯ ಮರಗಳಲ್ಲಿ ಇದೇ ಮೋಸ. ದಾಸವಾಳಕ್ಕೋ ಗುಲಾಬಿಗೋ ಬೇರಿಗೆ ತೊಂದರೆಯಾದರೆ ಎರಡೇ ದಿನದಲ್ಲಿ ಎಲೆ ಜೋತು ಬಿದ್ದು ನಮ್ಮನ್ನು ಕರೆಯುತ್ತೆ. ಸೈಪ್ರಸ್ ಕರೆಯೋದಿಲ್ಲ. ಕತ್ತರಿಸಿಟ್ಟ ಕೊಂಬೆ ವಾರಗಟ್ಟಲೆ ಹಸಿರಾಗೇ ಇರುವ ಹಾಗೆ, ಬೇರು ಸತ್ತ ಮೇಲೂ ಇಡೀ ಮರ ನೆಟ್ಟಗೆ ಹಸಿರಾಗಿ ನಿಂತಿರುತ್ತೆ. ಕಂದು ಕಾಣಿಸುವ ಹೊತ್ತಿಗೆ ಒಳಗೆ ಎಲ್ಲಾ ಮುಗಿದಿರುತ್ತೆ.

ನಾನೋ, ಕಂದು ಕಂಡ ದಿನವೇ ಕಾಯಿಲೆ ಶುರುವಾಯ್ತು ಅಂದುಕೊಂಡು ಪೈಪ್ ಹಿಡಿದೆ. ಒಣಗಿದ ಹಾಗೆ ಕಾಣುತ್ತಿದೆ, ಅಂದರೆ ನೀರು ಸಾಲದು ಅಂತ ಲೆಕ್ಕ. ಪಕ್ಕದ ಮನೆ ಅಜ್ಜಿ ಗೋಡೆಯ ಆಚೆಯಿಂದ, "ಏನಮ್ಮಾ, ದಿನಾ ನೀರು ಹಾಕ್ತೀಯಲ್ಲ, ಮಣ್ಣು ಮುಟ್ಟಿ ನೋಡಿದೀಯಾ?" ಅಂತ ಕೇಳಿದ್ದರು. ನಾನು ನಕ್ಕು ಸುಮ್ಮನಾಗಿದ್ದೆ. ಆಮೇಲೆ ಒಂದು ದಿನ ಕಾಂಡದ ಸಿಪ್ಪೆಯನ್ನು ಉಗುರಿನಿಂದ ಕೆರೆದು ನೋಡಿದೆ. ಜೀವವಿದ್ದರೆ ಕೆಳಗೆ ತೇವವಾದ ತಿಳಿ ಹಸಿರು ಕಾಣಬೇಕು. ಎದೆಮಟ್ಟದಲ್ಲಿ ಕೆರೆದೆ, ಮೊಣಕಾಲ ಮಟ್ಟದಲ್ಲಿ ಕೆರೆದೆ. ಎರಡೂ ಕಡೆ ಒಣಗಿದ ಕಾಗದದ ಬಣ್ಣ. ಆವತ್ತೇ ತಮ್ಮನಿಗೆ ಫೋನ್ ಮಾಡಿ ಭಾನುವಾರ ಬಾ ಅಂದದ್ದು.

ಮೊದಲು ಗೂಟದ ಕಟ್ಟು ಬಿಚ್ಚಬೇಕಿತ್ತು. ಬಿಚ್ಚೋಕೆ ಬರಲಿಲ್ಲ. ನೆಟ್ಟ ದಿನ ಕಟ್ಟಿದ ನೈಲಾನ್ ದಾರ ಸಿಪ್ಪೆಯೊಳಗೆ ಹೂತು ಹೋಗಿತ್ತು, ಬೆರಳು ಊದಿದ ಮೇಲೆ ಉಂಗುರ ಸಿಕ್ಕಿಹಾಕಿಕೊಂಡ ಹಾಗೆ. ಗೂಟ ಒಂದು ವರ್ಷಕ್ಕಿಂತ ಜಾಸ್ತಿ ಇರಬಾರದು. ಗಾಳಿಗೆ ಒಂದಷ್ಟು ತೂಗಾಡಿದರೇನೇ ಕಾಂಡ ದಪ್ಪವಾಗೋದು, ಬೇರು ಅಗಲಕ್ಕೆ ಓಡಿ ನೆಲ ಹಿಡಿಯೋದು. ನಾಲ್ಕು ವರ್ಷ ಆಸರೆ ಕೊಟ್ಟು ಆ ಕೆಲಸಕ್ಕೆ ನಾನೇ ಅಡ್ಡ ನಿಂತಿದ್ದೆ.

ದಾರ ಕತ್ತರಿಸಿ, ಬುಡದ ಮೇಲೆ ರಾಶಿ ಹಾಕಿದ್ದ ಒಣ ಎಲೆ, ತೊಗಟೆ ಚೂರು ಎಲ್ಲಾ ಸರಿಸಿದೆವು. ಇದೂ ನನ್ನದೇ ಕೈಚಳಕ. ತೇವ ಉಳಿಯಲಿ ಅಂತ ವರ್ಷವರ್ಷವೂ ಒಂದು ಪದರ ಏರಿಸುತ್ತಾ ಹೋಗಿ ಕಾಂಡಕ್ಕೆ ಒತ್ತಿಕೊಂಡು ಪುಟ್ಟ ಹುತ್ತವೇ ಆಗಿತ್ತು. ಎರಡು ಮೂರು ಇಂಚು ದಪ್ಪ ಸಾಕು, ಅದೂ ಕಾಂಡದಿಂದ ಗೇಣು ದೂರ ಬಿಟ್ಟು. ಹುತ್ತದ ಕೆಳಗೆ ಮಣ್ಣು. ಮಣ್ಣನ್ನು ಐದಾರು ಇಂಚು ಕೆದಕಿದ ಮೇಲೆ ಏನೋ ಹಳದಿ ಕಾಣಿಸಿತು.

ನರ್ಸರಿಯ ಪ್ಲಾಸ್ಟಿಕ್ ಚೀಟಿ. ಗಿಡ ತಂದಾಗ ಕಾಂಡದ ಬುಡಕ್ಕೆ ಸುತ್ತಿಕೊಂಡಿದ್ದದ್ದು ಹಾಗೇ ಇತ್ತು, ನೆಲದೊಳಗೆ! ತಮ್ಮ ಅದನ್ನು ಪ್ಯಾಂಟಿಗೆ ಒರೆಸಿ ಗಟ್ಟಿಯಾಗಿ ಓದಿದ. "ಪೂರ್ತಿ ಬಿಸಿಲು. ನೀರು ಬಸಿದು ಹೋಗುವ ಮಣ್ಣು." ಆಮೇಲೆ ನನ್ನ ಮುಖ ನೋಡಿದ. ಅವನು ನಗು ತಡೆದುಕೊಂಡದ್ದೇ ದೊಡ್ಡದು.

ಕಾಂಡ ಕೆಳಗೆ ಬಂದು ಬೇರಾಗುವಾಗ ಕೊಂಚ ಅಗಲವಾಗುತ್ತಲ್ಲ, ಆನೆಯ ಪಾದದ ಹಾಗೆ, ಆ ಭಾಗ ನೆಲದ ಮಟ್ಟದಲ್ಲಿ ಕಣ್ಣಿಗೆ ಕಾಣಬೇಕು. ನಮ್ಮದರಲ್ಲಿ ಅದು ಅರ್ಧ ಅಡಿ ಒಳಗಿತ್ತು. ಆಳಕ್ಕೆ ನೆಟ್ಟರೆ ಭದ್ರ ಅಂತ ನಾನು ಗುಂಡಿಯನ್ನು ಬಾವಿಯ ಹಾಗೆ ತೋಡಿಸಿದ್ದೆ. ಬೇಕಾದದ್ದು ಅದರ ತಿರುಗಾಮುರುಗ. ಕುಂಡದಿಂದ ತೆಗೆದ ಬೇರು-ಮಣ್ಣಿನ ಮುದ್ದೆ ಎಷ್ಟು ಆಳವೋ ಅಷ್ಟೇ ಆಳ, ಅಗಲ ಮಾತ್ರ ಅದರ ಎರಡು ಮೂರು ಪಟ್ಟು.

ಕೊನೆಗೆ ಹಗ್ಗ ಬೇಕಾಗಲೇ ಇಲ್ಲ. ಇಬ್ಬರೂ ಹಿಡಿದು ಜಗ್ಗಿದ್ದಕ್ಕೆ ಮರ ಪಚ್ ಅಂತ ಸದ್ದು ಮಾಡಿ ಮೇಲೆ ಬಂತು. ಹಿಂದೆಯೇ ಒಂದು ವಾಸನೆ. ಚರಂಡಿಯದ್ದಲ್ಲ, ಹುಳಿ ಬಂದ ಹಳೇ ನೀರಿನದ್ದು. ಬೇರು ನೋಡಿ ನನಗೆ ಮಾತೇ ಹೊರಡಲಿಲ್ಲ. ನಾಲ್ಕು ವರ್ಷದ ಮೇಲೂ ಅದು ಕುಂಡದ ಆಕಾರದಲ್ಲೇ ಇತ್ತು. ಕುಂಡ ತೆಗೆದು ನೆಟ್ಟಿದ್ದು ನಿಜ. ಆದರೆ ಕುಂಡದ ಒಳಗೋಡೆಗೆ ಸುತ್ತಿಕೊಂಡಿದ್ದ ಬೇರುಗಳನ್ನು ನಾನು ಬಿಡಿಸಿರಲಿಲ್ಲ. ಅವು ಕುಂಡ ಇಲ್ಲದಿದ್ದರೂ ಇದೆ ಅಂದುಕೊಂಡು ಸುತ್ತುತ್ತಲೇ ಇದ್ದವು. ಹೆಬ್ಬೆರಳ ದಪ್ಪದ ಒಂದು ಬೇರು ಕಾಂಡವನ್ನೇ ಸುತ್ತು ಹಾಕಿ ಬಿಗಿದಿತ್ತು. ಸಣ್ಣ ಬೇರು ಒಂದನ್ನು ಎರಡು ಬೆರಳಲ್ಲಿ ಹಿಡಿದು ಎಳೆದೆ. ಹೊರಗಿನ ಸಿಪ್ಪೆ ಕಾಲುಚೀಲದ ಹಾಗೆ ಜಾರಿ ಕೈಗೆ ಬಂತು, ಒಳಗೆ ಬರೀ ನೂಲಿನಂಥ ಎಳೆ ಉಳಿಯಿತು. ಕೊಳೆತ ಬೇರಿನ ಗುರುತು ಅದು. ನೀರು ನಿಂತ ಮಣ್ಣಿನಲ್ಲಿ ಬೇರಿಗೆ ಗಾಳಿ ಸಿಗೋದಿಲ್ಲ, ಆಮೇಲೆ ಕೊಳೆರೋಗ ಸುಲಭವಾಗಿ ನುಗ್ಗುತ್ತೆ. ನಾನು ಎರಡು ತಿಂಗಳು ಸುರಿದದ್ದು ಮುಳುಗುತ್ತಿದ್ದವನ ಬಾಯಿಗೆ ನೀರು.

ಹಾಗಾದರೆ ಉಳಿದ ನಾಲ್ಕು ಯಾಕೆ ಚೆನ್ನಾಗಿವೆ? ನೆಟ್ಟದ್ದು ಅದೇ ದಿನ, ಅದೇ ಕೈ, ಅದೇ ತಪ್ಪು. ಗಿಡಗಳೂ ಒಂದೇ ಥರದವು. ಕಂಬದ ಆಕಾರದ ತಳಿಗಳನ್ನು ಸಾಮಾನ್ಯವಾಗಿ ಬೀಜದಿಂದ ಮಾಡೋದಿಲ್ಲ, ಕಡ್ಡಿ ನೆಟ್ಟೋ ಕಸಿ ಕಟ್ಟಿಯೋ ಮಾಡುತ್ತಾರೆ. ಬೀಜ ಹಾಕಿದರೆ ಆ ಆಕಾರ ಬಂದೇ ಬರುತ್ತೆ ಅನ್ನೋ ಖಾತ್ರಿ ಇಲ್ಲ. ಉತ್ತರ ಐರ್ಲೆಂಡಿನ ಫ್ಲಾರೆನ್ಸ್ ಕೋರ್ಟ್ ಎಸ್ಟೇಟಿನಲ್ಲಿ 18ನೇ ಶತಮಾನದ ಒಂದು ಮರ ಈಗಲೂ ಇದೆ. ಬೆಟ್ಟದಲ್ಲಿ ತಾನಾಗಿ ಹುಟ್ಟಿ ನೆಟ್ಟಗೆ ಬೆಳೆಯುತ್ತಿದ್ದ ಸಸಿಯನ್ನು ತಂದು ನೆಟ್ಟದ್ದು. ಐರಿಷ್ ಯೂ ಅನ್ನೋ, ಕಂಬದ ಹಾಗೇ ಬೆಳೆಯುವ ಇನ್ನೊಂದು ಜಾತಿಯ ಮರಗಳಿಗೆಲ್ಲ ಅದೇ ತಾಯಿ, ಕಡ್ಡಿಯಿಂದ ಕಡ್ಡಿ. ನನ್ನ ಐದು ಗಿಡಗಳೂ ಹಾಗೇ ಒಂದೇ ಥರದವಾಗಿರುವಾಗ ಗಿಡದ ಮೇಲೆ ದೂರು ಹೇಳೋಕೆ ನನಗೆ ಜಾಗವಿರಲಿಲ್ಲ.

ಉತ್ತರ ತಮ್ಮನ ತಲೆಯ ಮೇಲೇ ಇತ್ತು. ಚಾವಣಿಯ ಮಳೆನೀರಿನ ಕೊಳವೆ. ಅದು ಬಂದು ಇಳಿಯೋದು ಮೂರನೇ ಮರದ ಹತ್ತಿರ, ನೆಲದ ಇಳಿಜಾರೂ ಅಲ್ಲಿಗೇ. ಖಾಲಿ ಗುಂಡಿಗೆ ಎರಡು ಬಕೆಟ್ ನೀರು ತುಂಬಿಸಿ, ಇಂಚು ಗೆರೆ ಹಾಕಿದ ಕೋಲು ನೆಟ್ಟೆವು. ಗಂಟೆಗೆ ಒಂದಿಂಚಾದರೂ ಇಳಿದರೆ ಪರವಾಗಿಲ್ಲ. ಅದು ಇಳಿಯೋದನ್ನು ಕಾಯುತ್ತಾ ಕೂರೋ ಬದಲು ಉಳಿದ ನಾಲ್ಕರ ಬುಡ ಬಿಡಿಸೋಣ ಅಂತ ಹೊರಟೆವು.

ಇದು ಗುದ್ದಲಿಯ ಕೆಲಸವಲ್ಲ. ಕೈಯಲ್ಲೇ, ಹಳೇ ಚಮಚದಲ್ಲಿ, ಮಣ್ಣನ್ನು ಸ್ವಲ್ಪ ಸ್ವಲ್ಪವೇ ತೆಗೆಯಬೇಕು. ಎರಡನೇ ಮರದಲ್ಲಿ ಕಾಂಡದ ಸುತ್ತ ಪೆನ್ಸಿಲ್ ದಪ್ಪದ ಬೇರೊಂದು ಸಿಕ್ಕಿತು. ಇನ್ನೂ ಬಿಗಿದಿರಲಿಲ್ಲ, ಕತ್ತರಿಸಿ ಎಳೆದು ಹಾಕಿದೆ. ನಾಲ್ಕರ ಗೂಟಗಳನ್ನೂ ಕಿತ್ತೆವು. ಐದನೆಯದಕ್ಕೆ ಮೇಲೆ ಎರಡು ತುದಿ ಒಟ್ಟಿಗೆ ಏರುತ್ತಿದ್ದವು. ಜೋರು ಮಳೆಗೆ ತೂಕ ಬಿದ್ದರೆ ಅದು ನಡುವೆ ಬಾಯಿ ಬಿಡುತ್ತೆ, ಸೊರಗಿದ ತುದಿಯನ್ನು ಏಣಿ ಹತ್ತಿ ಕತ್ತರಿಸಿದೆ. ಅಷ್ಟಕ್ಕೇ ಕೈ ನಿಲ್ಲಿಸಿದೆ. ಸೈಪ್ರಸ್ಸನ್ನು ಹಸಿರಿರುವಷ್ಟು ಒಳಗೆ ಮಾತ್ರ ಕತ್ತರಿಸಬಹುದು. ಬೋಳು ಕಡ್ಡಿಯವರೆಗೆ ಹೋದರೆ ಅಲ್ಲಿ ಮತ್ತೆ ಚಿಗುರೋದಿಲ್ಲ, ತೂತು ತೂತಾಗೇ ಉಳಿಯುತ್ತೆ.

ನಾಲ್ಕನೆಯದರಲ್ಲಿ ಗೋಡೆ ಕಡೆಯ ಒಂದೆರಡು ಕೊಂಬೆ ಮಂಕಾಗಿದ್ದವು. ನನ್ನ ಎದೆ ಧಸಕ್ ಅಂತು. ತಮ್ಮ ಒಂದು ಬಿಳಿ ಹಾಳೆ ತಂದು ಕೊಂಬೆಯ ಕೆಳಗೆ ಹಿಡಿ ಅಂದ. ಮೇಲಿಂದ ಎರಡು ಸಲ ತಟ್ಟಿದ. ಹಾಳೆಯ ಮೇಲೆ ಧೂಳು ಬಿತ್ತು. ಕಣ್ಣು ಹತ್ತಿರ ಇಟ್ಟು ನೋಡಿದರೆ ಧೂಳು ನಡೆಯುತ್ತಿತ್ತು. ನುಸಿ! ಬಿಸಿ ಗೋಡೆ, ಗಾಳಿಯಾಡದ ಜಾಗ, ನುಸಿಗೆ ಇನ್ನೇನು ಬೇಕು ಅಲ್ವಾ. ಪೈಪಿಗೆ ಬೆರಳು ಅಡ್ಡ ಇಟ್ಟು ಒಳಗಿನವರೆಗೂ ರಭಸವಾಗಿ ತೊಳೆದೆವು. ಇನ್ನು ವಾರಕ್ಕೆರಡು ಸಲ ಹಾಗೆ ಮಾಡಬೇಕು, ಮತ್ತೆ ಹಾಳೆ ಹಿಡಿದು ನೋಡಬೇಕು. ಹುಳಕ್ಕೆ ಹೊಡೆಯುವ ಔಷಧಿ ತಕ್ಷಣ ಸಿಂಪಡಿಸೋದು ಬೇಡ, ನುಸಿಯನ್ನು ತಿನ್ನೋ ಕೀಟಗಳು ಮೊದಲು ಸಾಯುತ್ತವೆ.

ಸಂಜೆ ಆರಕ್ಕೆ ಗುಂಡಿ ನೋಡಿದೆವು. ಹೆಚ್ಚುಕಮ್ಮಿ ಎಂಟು ಗಂಟೆಯಲ್ಲಿ ನೀರು ಎರಡೇ ಇಂಚು ಇಳಿದಿತ್ತು. ಬೆಳಿಗ್ಗೆ ಎದ್ದಾಗಲೂ ತಳದಲ್ಲಿ ನೀರಿತ್ತು, ಅದರಲ್ಲೊಂದು ಕಪ್ಪೆ ಕೂತಿತ್ತು.

ಆ ಜಾಗದಲ್ಲಿ ಸದ್ಯಕ್ಕೆ ಏನೂ ನೆಡೋದಿಲ್ಲ. ಮೊದಲು ಕೊಳವೆಯ ಬಾಯಿಯನ್ನು ದಾರಿಯ ಆಚೆ ತಿರುಗಿಸಬೇಕು. ಆಮೇಲೆ ಮಣ್ಣು ಏರಿಸಿ ದಿಬ್ಬ ಮಾಡಿ, ಅದರ ಮೇಲೆ ಚಿಕ್ಕ ಗಿಡ. ದೊಡ್ಡದು ತಂದರೆ ಸಾಲು ಬೇಗ ಸರಿಹೋಗುತ್ತೆ ಅನ್ನೋ ಆಸೆ ಬರುತ್ತೆ, ಆದರೆ ಕುಂಡದಲ್ಲಿ ಜಾಸ್ತಿ ದಿನ ಇದ್ದ ಗಿಡದ ಬೇರು ಹೇಗಿರುತ್ತೆ ಅಂತ ನೋಡಿಯಾಯಿತು. ಅಲ್ಲಿಯವರೆಗೆ ಎದುರಿನ ಮಹಡಿಯವರು ಆ ಸಂದಿಯಿಂದ ನಮ್ಮ ಹಿತ್ತಲು ನೋಡಿಕೊಳ್ಳಲಿ.

ತಮ್ಮ ಹೊರಡುವ ಮೊದಲು ಆ ಹಳದಿ ಚೀಟಿಯನ್ನು ತೊಳೆದು ಹಿತ್ತಲಿನ ನಲ್ಲಿಗೆ ಕಟ್ಟಿ ಹೋಗಿದ್ದಾನೆ. ತಿರುಗಿಸೋಕೆ ಹೋದಾಗಲೆಲ್ಲಾ ಕೈಗೆ ತಾಗುತ್ತೆ.