ಯಾವ ಬೆಳಕಿನಲ್ಲಿ ನೋಡಿದಿರಿ?

ರೋಗಿಯ ಕಣ್ಣು ನೋಡುವುದೆಂದರೆ ಪಾಪೆಗೆ ಟಾರ್ಚ್ ಬಿಡುವುದು ಎಂದೇ ನರ್ಸಿಂಗ್ ಓದುವಾಗ ನಾನು ತಿಳಿದಿದ್ದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಸುಸ್ತು ಮತ್ತು ಊಟ ಸೇರದ ತೊಂದರೆಯಿಂದ ದಾಖಲಾಗಿದ್ದ ಹಿರಿಯರೊಬ್ಬರ ಕಣ್ಣನ್ನು ರಾತ್ರಿ ಪಾಳಿಯಲ್ಲಿ ವಾರ್ಡಿನ ಹಳದಿ ದೀಪದ ಕೆಳಗೆ ನೋಡಿ, ಕೇಸ್ ಶೀಟಿನಲ್ಲಿ ‘ಸಹಜ’ ಎಂದು ಬರೆದೆ. ಬೆಳಗ್ಗೆ ಕಿಟಕಿಯ ಪರದೆ ಸರಿಸಿ, ಅವರಿಗೆ ಕೆಳಗೆ ನೋಡಲು ಹೇಳಿ ಮೇಲ್ರೆಪ್ಪೆಯನ್ನು ಎತ್ತಿದಾಗ, ರೆಪ್ಪೆಯ ಮರೆಯಲ್ಲಿದ್ದ ಬಿಳಿಗುಡ್ಡೆ ತಿಳಿಹಳದಿಯಾಗಿತ್ತು. ರಕ್ತದಲ್ಲಿ ಬಿಲಿರುಬಿನ್ ಎಂಬ ಹಳದಿ ವರ್ಣದ್ರವ್ಯ ಪ್ರತಿ ಡೆಸಿಲೀಟರಿಗೆ ಸುಮಾರು 2ರಿಂದ 3 ಮಿಲಿಗ್ರಾಂ ಮುಟ್ಟಿದಾಗ ಕಾಣತೊಡಗುವ ಕಾಮಾಲೆಯ ಈ ಬಣ್ಣವನ್ನು ಹಳದಿ ದೀಪ ಸುಲಭವಾಗಿ ನುಂಗಿಬಿಡುತ್ತದೆ. ಅಂದಿನಿಂದ ಏನು ಕಂಡೆ ಎಂಬುದರ ಜೊತೆಗೆ ಯಾವ ಬೆಳಕಿನಲ್ಲಿ ಕಂಡೆ ಎಂಬುದನ್ನೂ ಬರೆಯುತ್ತೇನೆ. (ಕ್ಯಾರೆಟ್ ಅತಿಯಾಗಿ ತಿಂದವರ ಅಂಗೈ ಹಳದಿಯಾದರೂ ಬಿಳಿಗುಡ್ಡೆ ಬೆಳ್ಳಗೇ ಇರುತ್ತದೆ, ಕಾಮಾಲೆಯಲ್ಲಿ ಹಾಗಲ್ಲ.)

ಕೆಳರೆಪ್ಪೆಯನ್ನು ಎಳೆದು ನೋಡುವಾಗಲೂ ‘ಬಿಳಿಚಿದೆ’ ಎಂದು ಅಂದಾಜಿಗೆ ಬರೆಯುವ ಬದಲು, ಒಳಪದರದ ಮುಂದಿನ ಅಂಚನ್ನು ಹಿಂಭಾಗದೊಂದಿಗೆ ಹೋಲಿಸಬೇಕು. ಸಾಮಾನ್ಯವಾಗಿ ಹೆಚ್ಚು ಕೆಂಪಾಗಿರುವ ಮುಂದಿನ ಅಂಚು ಹಿಂಭಾಗದಷ್ಟೇ ಪೇಲವವಾಗಿದ್ದರೆ ರಕ್ತಹೀನತೆಯ ಸಂಶಯ ಬಲವಾಗುತ್ತದೆ. ಹಾಗಿಲ್ಲದ ಮಾತ್ರಕ್ಕೆ ರಕ್ತಹೀನತೆ ಇಲ್ಲವೆಂದಲ್ಲ. ಬೆಳಗ್ಗೆ ಕಣ್ಣಿನ ಸುತ್ತ ಬಾವು ಕಂಡರೆ ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯೇ ಎಂದು ಪರೀಕ್ಷಿಸುವುದು ಒಳ್ಳೆಯದು. ನೋಟವನ್ನು ನಿಧಾನವಾಗಿ ಕೆಳಗಿಳಿಸಿದಾಗ ಮೇಲ್ರೆಪ್ಪೆ ಹಿಂದೆಬಿದ್ದು ಬಿಳಿಭಾಗ ಕಂಡರೆ ಥೈರಾಯ್ಡ್ ನೆನಪಾಗಬೇಕು. ಕರಿಗುಡ್ಡೆಯ ಸುತ್ತಲಿನ ಬೂದುಬಣ್ಣದ ಬಳೆ ವಯಸ್ಸಾದವರಲ್ಲಿ ಬಹುಮಟ್ಟಿಗೆ ನಿರುಪದ್ರವಿ, 40 ದಾಟದವರಲ್ಲಿ ಮಾತ್ರ ಕೊಲೆಸ್ಟರಾಲ್ ನೋಡಿಸಬೇಕು.

ಇನ್ನು ಪಾಪೆಗಳು. ‘ಎರಡೂ ಸಮ, ಬೆಳಕಿಗೆ ಸ್ಪಂದಿಸುತ್ತವೆ’ ಎಂಬ ಬಾಯಿಪಾಠದ ಸಾಲು ನನಗೆ ಹಿಡಿಸುವುದಿಲ್ಲ, ಏಕೆಂದರೆ ಮುಂದಿನ ಪಾಳಿಯವರಿಗೆ ಹೋಲಿಸಲು ಅದರಲ್ಲಿ ಏನೂ ಇರುವುದಿಲ್ಲ. ಸುಮಾರು ಐವರಲ್ಲಿ ಒಬ್ಬರಿಗೆ ಪಾಪೆಗಳ ನಡುವೆ 1 ಮಿಲಿಮೀಟರಿನೊಳಗಿನ ವ್ಯತ್ಯಾಸ ಸಹಜವಾಗಿಯೇ ಇರುತ್ತದೆ. ಹಳೆಯ ಫೋಟೊ ಇದ್ದರೆ ನೋಡಿ, ಕಣ್ಣಿಗೆ ಹನಿ ಹಾಕಿದ್ದಾರೆಯೇ ಎಂದೂ ಕೇಳಬೇಕು. ಎರಡೂ ಸೂಜಿಮೊನೆಯಷ್ಟಾಗಿದ್ದರೆ ಅಫೀಮು ಜಾತಿಯ ನೋವುನಿವಾರಕವೋ ಕೀಟನಾಶಕದ ವಿಷವೋ ಎಂದು ವಿಚಾರಿಸುವಾಗಲೇ ಉಸಿರಾಟದ ಗತಿ ಎಣಿಸಬೇಕು. ಆದರೆ ಒಂದು ಪಾಪೆ ಹೊಸದಾಗಿ ಹಿಗ್ಗಿ, ಅದೇ ಬದಿಯ ರೆಪ್ಪೆ ಜೋತುಬಿದ್ದು, ಜೊತೆಗೆ ತೀವ್ರ ತಲೆನೋವೂ ಇದ್ದರೆ, ಮೊದಲು ವೈದ್ಯರಿಗೆ ಫೋನ್ ಮಾಡಿ, ಕೇಸ್ ಶೀಟನ್ನು ಆಮೇಲೆ ಕೈಗೆತ್ತಿಕೊಳ್ಳುತ್ತೇನೆ.