ದೇವರಾಜ ಮಾರುಕಟ್ಟೆ ನೋಡಲು ಹೋಗುವಾಗ ಕೈಚೀಲ ಮರೆಯಬೇಡಿ

ಮೈಸೂರಿಗೆ ಬಂದವರು ಸಾಮಾನ್ಯವಾಗಿ ಅರಮನೆ, ಚಾಮುಂಡಿ ಬೆಟ್ಟ, ಮೃಗಾಲಯ ಮುಗಿಸಿ ಸಂಜೆಗೆ ಬೃಂದಾವನಕ್ಕೆ ಓಡುತ್ತಾರೆ. ದೇವರಾಜ ಮಾರುಕಟ್ಟೆಗೆ ಸಿಗುವುದು ಊರಿಗೆ ಹೊರಡುವ ಮುಂಚಿನ ಅರ್ಧ ಗಂಟೆ, ಅದೂ ಹೂವು ಹಣ್ಣು ತರೋಕೆ. ನಾವು ಈ ಸಲ ಉಲ್ಟಾ ಮಾಡಿದೆವು. ಬೆಳಗ್ಗೆ ಎದ್ದು ಮೊದಲು ಮಾರುಕಟ್ಟೆ, ಮಿಕ್ಕಿದ್ದೆಲ್ಲ ಆಮೇಲೆ. ಹಳೇ ಕಟ್ಟಡ ನೋಡುವ ಆಸೆ ಇರುವವರು ಹೀಗೇ ಮಾಡಿ.

ಹೋದ ಕೂಡಲೇ ಒಳಗೆ ನುಗ್ಗಬೇಡಿ. ಸಯ್ಯಾಜಿ ರಾವ್ ರಸ್ತೆಯಲ್ಲಿ ಮಾರುಕಟ್ಟೆಯ ಎದುರಿನ ಫುಟ್‌ಪಾತ್‌ನಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ಕಟ್ಟಡದ ಉದ್ದನೆಯ ಮುಖ ಪೂರ್ವಕ್ಕಿದೆ, ಹಾಗಾಗಿ ಎಳೆ ಬಿಸಿಲು ನೇರವಾಗಿ ಅದರ ಮೇಲೆ ಬೀಳುತ್ತದೆ. ಫೋಟೋ ತೆಗೆಯುವವರಿಗೂ ಇದೇ ಒಳ್ಳೆ ಸಮಯ, ಸೂರ್ಯ ನಿಮ್ಮ ಬೆನ್ನಿಗಿರುತ್ತಾನೆ. ಕೆಳಗಿನ ಬೋರ್ಡು, ತಗಡಿನ ಚಪ್ಪರ, ವಯರುಗಳನ್ನೆಲ್ಲ ಬಿಟ್ಟು ಕಣ್ಣು ಸ್ವಲ್ಪ ಮೇಲೆ ಹಾಯಿಸಿ. ಒಂದೇ ಅಳತೆಯಲ್ಲಿ ಸಾಲಾಗಿ ಹೋಗುವ ಅಂಗಡಿಗಳು ಆಗ ಕಾಣುತ್ತವೆ. ಬೀದಿಯ ಒಂದು ಬದಿಯನ್ನು ಪೂರ್ತಿ ಒಂದೇ ವಿನ್ಯಾಸದಲ್ಲಿ ಕಟ್ಟಿಸಿದ್ದಾರೆ ಅನ್ನುವುದು ಹತ್ತಿರ ನಿಂತರೆ ಗೊತ್ತೇ ಆಗುವುದಿಲ್ಲ.

ನೀವು ನಿಂತಿರುವ ರಸ್ತೆಯ ಕೆಳಗೂ ಒಂದು ಕಥೆ ಇದೆ. ಕಾವೇರಿ ನೀರನ್ನು ಮೈಸೂರಿಗೆ ತರಬೇಕೆಂದು ದಿವಾನ್ ಪೂರ್ಣಯ್ಯ ಒಂದು ಕಾಲುವೆ ತೋಡಿಸಲು ಹೊರಟಿದ್ದರು. ಕೆಲಸ ಆಗಲಿಲ್ಲ, ನೀರೂ ಬರಲಿಲ್ಲ. ಊರ ನಡುವೆ ಆಳವಾದ ಹಳ್ಳ ಮಾತ್ರ ಉಳಿಯಿತು. 1886ರಲ್ಲಿ ಅದನ್ನು ಮುಚ್ಚಿ ಅಗಲವಾದ ಬೀದಿ ಮಾಡಿದರು. ಬರೋಡಾದ ಮಹಾರಾಜರ ಹೆಸರು ಹೊತ್ತ ಸಯ್ಯಾಜಿ ರಾವ್ ರಸ್ತೆ ಇದೇ. ಹತ್ತನೇ ಚಾಮರಾಜ ಒಡೆಯರ ಕಾಲದ ಈ ಮಾರುಕಟ್ಟೆಯೂ ಅದೇ ಸುಧಾರಣೆಯ ಭಾಗ. ಸಂತೆ ಮಾತ್ರ ಅದಕ್ಕೂ ಹಳೆಯದು. ಟಿಪ್ಪು ಕಾಲದಿಂದಲೂ ಇಲ್ಲಿ ವಾರದ ಸಂತೆ ನಡೆಯುತ್ತಿತ್ತು ಅಂತ ಹೇಳುತ್ತಾರೆ.

ಆ ವರ್ಷಗಳನ್ನು ಸ್ವಲ್ಪ ಗಮನಿಸಿ. 1831ರಿಂದ ರಾಜ್ಯ ಬ್ರಿಟಿಷರ ಕೈಯಲ್ಲಿತ್ತು, ಆಡಳಿತ ಬೆಂಗಳೂರಿನಿಂದ ನಡೆಯುತ್ತಿತ್ತು. 1881ರಲ್ಲಿ ಒಡೆಯರಿಗೆ ವಾಪಸ್ ಬಂತು. ಅದಾದ ಐದೇ ವರ್ಷಕ್ಕೆ ಕಾಲುವೆ ಮುಚ್ಚಿ, ಬೀದಿ ಹಾಕಿ, ಪಕ್ಕದಲ್ಲಿ ಮಾರುಕಟ್ಟೆ ಎಬ್ಬಿಸಿದ್ದಾರೆ. ಈಗಿನ ಅರಮನೆ ಆಗಿನ್ನೂ ಇರಲೇ ಇಲ್ಲ. ಹಳೇ ಮರದ ಅರಮನೆ 1897ರಲ್ಲಿ ಸುಟ್ಟ ಮೇಲೆ ಹೊಸದು ಶುರುವಾಗಿ, ಮುಗಿದಿದ್ದು 1912ರಲ್ಲಿ. ಅಂದರೆ ನಾವು ಟಿಕೆಟ್ ಕೊಟ್ಟು ನೋಡುವ ಅರಮನೆಗಿಂತ, ತರಕಾರಿ ತರಲು ಹೋಗುವ ಈ ಮಾರುಕಟ್ಟೆಯೇ ಹಳೆಯದು!

ಒಳಗೆ ಹೋಗಲು ನನ್ನ ಆಯ್ಕೆ ದಕ್ಷಿಣದ ಬಾಗಿಲು, ಚಿಕ್ಕ ಗಡಿಯಾರದ ಕಡೆಯದು. ವೈಸ್‌ರಾಯ್ ಆಗಿದ್ದ ಲಾರ್ಡ್ ಡಫರಿನ್ ಭೇಟಿಯ ನೆನಪಿಗೆ ಕಟ್ಟಿದ ಆ ಗಡಿಯಾರ ಗುರುತಿಗೂ ಸುಲಭ, ಯಾವ ಆಟೋದವರಿಗೆ ಹೇಳಿದರೂ ಗೊತ್ತು. ಅಲ್ಲಿಂದ ಒಳಹೊಕ್ಕು ಉತ್ತರಕ್ಕೆ ನಡೆಯುತ್ತಾ ಹೋದರೆ ಕೊನೆಗೆ ಧನ್ವಂತರಿ ರಸ್ತೆ. ಒಂದೇ ಗೆರೆಯಲ್ಲಿ ಹೋಗದೆ ಅಡ್ಡ ಓಣಿಗಳಿಗೂ ನುಗ್ಗಿ. ದಾರಿ ತಪ್ಪಿದರೂ ಚಿಂತೆಯಿಲ್ಲ, ನಾಲ್ಕು ಕಡೆಯೂ ಗೋಡೆ ಇದೆ.

ಹೂವಿನ ಸಾಲಿಗೆ ಬೇಗ ಹೋದಷ್ಟೂ ಚೆಂದ. ಸೇವಂತಿಗೆ, ಕನಕಾಂಬರ, ಮಲ್ಲಿಗೆ ರಾಶಿ ರಾಶಿ. ಮಾರಿನ ಲೆಕ್ಕದಲ್ಲಿ ಕೈ ಚಾಚಿ ಅಳೆದು ಕೊಡುತ್ತಾರೆ. ಯಾರ ಕೈ ಉದ್ದ ಅಂತ ನೋಡಿ ಅಂಗಡಿ ಆರಿಸುವುದು ನಮ್ಮ ಅತ್ತಿಗೆಯ ಪದ್ಧತಿ, ಅದರಲ್ಲಿ ತಪ್ಪೇನೂ ಇಲ್ಲ ಅಲ್ವಾ? ಬಣ್ಣ ಬಣ್ಣದ ಕುಂಕುಮದ ಗೋಪುರಗಳ ಮುಂದೆ ವಿದೇಶಿಯರು ಕ್ಯಾಮೆರಾ ಹಿಡಿದು ನಿಂತಿರುತ್ತಾರೆ. ಅಲ್ಲೇ ಅತ್ತರು, ಗಂಧದೆಣ್ಣೆ ಮಾರುವವರು ನಿಮ್ಮ ಮಣಿಕಟ್ಟಿಗೆ ಒಂದು ಹನಿ ಸವರಿ ಮಾತಿಗೆ ಎಳೆಯುತ್ತಾರೆ. ಬೇಡ ಅಂದರೆ ಬಿಡುತ್ತಾರೆ, ಬೇಜಾರು ಮಾಡಿಕೊಳ್ಳಬೇಡಿ. ಗಂಧದೆಣ್ಣೆ ಕಮ್ಮಿ ಬೆಲೆಗೆ ಕೊಡ್ತೀವಿ ಅಂದರೆ ಮಾತ್ರ ಅನುಮಾನ ಪಡಿ. ಅಸಲಿ ಬೇಕಿದ್ದರೆ ಸರ್ಕಾರಿ ಮಳಿಗೆಗೇ ಹೋಗಿ.

ಬಾಳೆಹಣ್ಣಿನ ಸಾಲಿನಲ್ಲಿ ನಂಜನಗೂಡು ರಸಬಾಳೆ ಕೇಳಿ ನೋಡಿ. ಪನಾಮ ರೋಗ ತೋಟಗಳನ್ನೇ ಹಾಳು ಮಾಡಿದ್ದರಿಂದ ಯಾವಾಗಲೂ ಸಿಗುವ ಖಾತ್ರಿ ಇಲ್ಲ. ಮೈಸೂರು ವೀಳ್ಯದೆಲೆ, ಮೈಸೂರು ಮಲ್ಲಿಗೆ, ಈ ರಸಬಾಳೆ, ಮೂರಕ್ಕೂ ಇದೇ ಸೀಮೆಯದು ಅಂತ ಗುರುತಿಸುವ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಮೂರನ್ನೂ ಮಾರಿಕೊಂಡು ಬಂದ ಜಾಗ ಇದು. ಮೈಸೂರು ಪಾಕ್ ಬೇಕಿದ್ದರೆ ಹೊರಗಿನ ಸಾಲಿನಲ್ಲಿ, ಸಯ್ಯಾಜಿ ರಾವ್ ರಸ್ತೆಗೆ ಮುಖ ಮಾಡಿ ಗುರು ಸ್ವೀಟ್ಸ್ ಇದೆ. ಅರಮನೆಯ ಅಡುಗೆಯವರಾಗಿದ್ದ ಕಾಕಾಸುರ ಮಾದಪ್ಪನವರ ವಂಶದವರ ಅಂಗಡಿ. ಗಟ್ಟಿ ಪಾಕ್ ಇಷ್ಟವಿಲ್ಲ, ಬಾಯಲ್ಲಿ ಕರಗಬೇಕು ಅನ್ನುವವರಿಗೆ ಇಲ್ಲಿಯದು ಹಿಡಿಸುತ್ತದೆ.

ಧನ್ವಂತರಿ ರಸ್ತೆಯ ಕಡೆಗೆ ಬಂದಾಗ ನೆನಪಿಡಬೇಕಾದ ವಿಷಯ ಒಂದಿದೆ. 2016ರ ಆಗಸ್ಟ್‌ನಲ್ಲಿ ಉತ್ತರ ಬಾಗಿಲಿನ ಭಾಗ ಕುಸಿದು ಬಿತ್ತು. ಆಗ ದುರಸ್ತಿ ಕೆಲಸವೂ ನಡೆಯುತ್ತಿತ್ತು. ಅಲ್ಲಿಂದಾಚೆ ಶುರುವಾದ ಜಗಳ ಊರಿನವರ ಬಾಯಲ್ಲಿ ಇನ್ನೂ ಇದೆ. ಕೆಡವಿ ಅದೇ ರೂಪದಲ್ಲಿ ಹೊಸದಾಗಿ ಕಟ್ಟಬೇಕು ಅಂತ ಕೆಲವರು, ಉಳಿದಿರುವುದನ್ನು ದುರಸ್ತಿ ಮಾಡಿದರೆ ಸಾಕು ಅಂತ ಪರಂಪರೆ ತಜ್ಞರು. ವಿಷಯ ಹೈಕೋರ್ಟಿನವರೆಗೂ ಹೋಯಿತು.

ನನಗೆ ಅನಿಸಿದ್ದು ಹೇಳಿಬಿಡುತ್ತೇನೆ. ಇಟ್ಟಿಗೆ, ಸುಣ್ಣದ ಗಾರೆಯ ಗೋಡೆಗಳು ಸುಮ್ನೆ ಬೀಳುವುದಿಲ್ಲ. ಮಾಳಿಗೆಯಲ್ಲಿ ನೀರು ನಿಂತು, ಗಾರೆ ನೆನೆದು, ತೊಲೆಗಳು ಕೊಳೆತು, ಸಂದಿಯಲ್ಲಿ ಅರಳಿ ಗಿಡ ಬೇರು ಬಿಟ್ಟು ಬೀಳುತ್ತವೆ. ಮೇಲೆ ಸಿಮೆಂಟ್ ಬಳಿದರೆ ಒಳಗಿನ ತೇವ ಹೊರಬರಲು ದಾರಿ ಇಲ್ಲದೆ ಇನ್ನೂ ಕೆಡುತ್ತದೆ. ಸುಣ್ಣದಲ್ಲೇ ದುರಸ್ತಿ ಮಾಡಬಲ್ಲ ಕೈಗಳನ್ನು ಹುಡುಕಿ, ವರ್ಷಾ ವರ್ಷ ಮಳೆಗೆ ಮೊದಲು ಮಾಳಿಗೆ ನೋಡಿಕೊಂಡರೆ ಇಂಥ ಕಟ್ಟಡ ನಿಲ್ಲುತ್ತದೆ. ಹಾಗಂತ ಭಯ ಸುಳ್ಳಲ್ಲ. ಹತ್ತಿರದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟ್‌ನಲ್ಲಿ ಕುಸಿದಾಗ ನಾಲ್ವರು ಸತ್ತರು. ದಿನವಿಡೀ ಅಂಥ ಮಾಳಿಗೆಯ ಕೆಳಗೆ ಕೂತು ವ್ಯಾಪಾರ ಮಾಡುವವರ ಮುಂದೆ ಪರಂಪರೆಯ ಮಾತು ಆಡುವಾಗ ಇದನ್ನು ಮರೆಯಬಾರದು. ನಾನು ಮಾತಾಡಿಸಿದ ಎಲೆ ಅಂಗಡಿಯವರಿಗೆ ಕಟ್ಟಡಕ್ಕಿಂತ ಬೇರೆ ಚಿಂತೆ: "ಬೇರೆ ಕಡೆ ಕಳಿಸ್ತಾರೆ ಸಾರ್, ಮತ್ತೆ ಇದೇ ಜಾಗ ನಮಗೆ ಸಿಗುತ್ತೆ ಅಂತ ಯಾರು ಬರೆದುಕೊಡ್ತಾರೆ?"

ಕಮಾನುಗಳನ್ನು ಅಚ್ಚು ತೆಗೆದ ಹಾಗೆ ಮತ್ತೆ ಕಟ್ಟಬಹುದು. ಇಂಥ ಅಂಗಡಿ ಮತ್ತೆ ಬರುವುದು ಕಷ್ಟ. ಅದಕ್ಕೇ ಹೇಳಿದ್ದು, ಕೈಚೀಲ ತನ್ನಿ, ಏನಾದರೂ ಕೊಳ್ಳಿ. ಬರೀ ಫೋಟೋ ಹೊಡೆದುಕೊಂಡು ಹೋಗುವವರನ್ನು ಕಂಡರೆ ಅಂಗಡಿಯವರಿಗೂ ಸಾಕಾಗಿದೆ. ಕೊಂಡವರ ಜೊತೆ ಅವರೇ ಮಾತಿಗಿಳಿಯುತ್ತಾರೆ, ಅಜ್ಜನ ಕಾಲದ್ದೂ ಹೇಳುತ್ತಾರೆ. ಫೋಟೋ ತೆಗೆಯುವ ಮುಂಚೆ ಒಂದು ಮಾತು ಕೇಳಿ.

ಲ್ಯಾನ್ಸ್‌ಡೌನ್ ಕಟ್ಟಡವನ್ನು ಈಗ ರಸ್ತೆಯಿಂದಲೇ ನೋಡಬೇಕು. 1892ರಲ್ಲಿ ಆಗಿನ ವೈಸ್‌ರಾಯ್ ಲಾರ್ಡ್ ಲ್ಯಾನ್ಸ್‌ಡೌನ್ ಬಂದ ನೆನಪಿಗೆ ಇಟ್ಟ ಹೆಸರು ಅದು. ಹಳೇ ಪುಸ್ತಕದಂಗಡಿಗಳಿಂದ ಗಿಜಿಗುಡುತ್ತಿದ್ದ ಜಾಗ, ಓದುವ ಹುಚ್ಚಿದ್ದವರಿಗೆ ಹೊಟ್ಟೆ ಉರಿಯುತ್ತದೆ. ಗೋಡೆಗೆ ತೀರಾ ಹತ್ತಿರ ಹೋಗಬೇಡಿ.

ಅಲ್ಲಿಂದ ಜಗನ್ಮೋಹನ ಅರಮನೆ ನಡೆಯುವ ದೂರ. ಇನ್ನೊಂದು ದಿಕ್ಕಿಗೆ ಹೋದರೆ ಕೆ. ಆರ್. ವೃತ್ತ, ಪುರಭವನ, ಅದರ ಹತ್ತಿರ ದೊಡ್ಡ ಗಡಿಯಾರ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆ 1927ರಲ್ಲಿ ಕಟ್ಟಿದ್ದು, 75 ಅಡಿ ಎತ್ತರ, ಮುಖದ ಮೇಲೆ ಕನ್ನಡ ಅಂಕಿಗಳಿವೆ. ಮಕ್ಕಳಿದ್ದರೆ ಅವರ ಕೈಲಿ ಗಂಟೆ ಓದಿಸಿ.

ಕೆಲವು ಉಪಯೋಗದ ಮಾತು. ಕಾರಿನಲ್ಲಿ ಬಂದರೆ ದೂರದಲ್ಲೇ ನಿಲ್ಲಿಸಿ ನಡೆದು ಬನ್ನಿ, ಸುತ್ತ ಜಾಗ ಹುಡುಕುವುದರಲ್ಲೇ ಬೆಳಗ್ಗೆ ಕಳೆದುಹೋಗುತ್ತದೆ. ರೈಲಿನಲ್ಲಿ ಬಂದವರಿಗೆ ನಿಲ್ದಾಣದಿಂದ ಧನ್ವಂತರಿ ರಸ್ತೆ ಹಿಡಿದರೆ ಉತ್ತರದ ತುದಿಗೇ ತಲುಪಬಹುದು, ಆಗ ನಾನು ಹೇಳಿದ ದಾರಿಯನ್ನು ತಿರುಗಿಸಿಕೊಳ್ಳಿ. ನಗರ ಬಸ್ ನಿಲ್ದಾಣವೂ ಹತ್ತಿರವೇ. ಮಳೆಗಾಲದಲ್ಲಿ ನೆಲ ಜಾರುತ್ತದೆ, ಹಿಡಿತ ಇರುವ ಚಪ್ಪಲಿ ಹಾಕಿ. ಚಿಲ್ಲರೆ ಇಟ್ಟುಕೊಳ್ಳಿ. ಆಯುಧಪೂಜೆ, ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಕಾಲಿಡಲು ಜಾಗವಿರುವುದಿಲ್ಲ. ಆ ಗದ್ದಲವೇ ಬೇಕು ಅನ್ನುವವರು ಹೋಗಬಹುದು, ಕಟ್ಟಡ ನೋಡುವವರಿಗೆ ಅಲ್ಲ. ಜಂಬೂಸವಾರಿಯೂ ಇದೇ ರಸ್ತೆಯಲ್ಲಿ ಬನ್ನಿಮಂಟಪಕ್ಕೆ ಸಾಗುವುದರಿಂದ ಆ ದಿನವಂತೂ ಈ ಕಡೆ ಸುತ್ತಾಡುವುದು ಆಗದ ಮಾತು. ತಿಂಡಿಗೆ ಗಾಂಧಿ ಚೌಕದ ಕಡೆ ಹೋಗಿ, ಅಲ್ಲಿ ಹೋಟೆಲುಗಳು ಜಾಸ್ತಿ. ತೂಕದ ತರಕಾರಿ, ತೆಂಗಿನಕಾಯಿ ಎಲ್ಲ ಕೊನೆಗೆ ಕೊಳ್ಳಿ, ಇಲ್ಲದಿದ್ದರೆ ಅದನ್ನೆಲ್ಲ ಹೊತ್ತುಕೊಂಡೇ ಜಗನ್ಮೋಹನದ ಮೆಟ್ಟಿಲು ಹತ್ತಬೇಕಾಗುತ್ತದೆ.